ಸೇಡಂ ರಸ್ತೆಯಿಂದ ಸುರಪುರದವರೆಗೆ: ದಾರಿಬದಿಯ ಕಲ್ಲು, ಗೋಡೆ, ಹೊಸ್ತಿಲು

ಶುಕ್ರವಾರ

2024ರ ಎಳ್ಳ ಅಮಾವಾಸ್ಯೆ ಗುರುವಾರ ಬಂದಿತ್ತು. ಮರುದಿನ ಸೂರ್ಯ ಹುಟ್ಟುವ ಮೊದಲೇ ನಾನು ಮತ್ತು ಚಿತ್ರಕಲಾ ಶಿಕ್ಷಕನಾದ ನನ್ನ ಗೆಳೆಯ ಕಲಬುರಗಿಯಿಂದ ಬೈಕಿನಲ್ಲಿ ಸೇಡಂ ರಸ್ತೆ ಹಿಡಿದೆವು. ಹಬ್ಬದ ದಿನ ಹೊಲಗಳಲ್ಲಿ ಜನವೋ ಜನ. ಭೂಮಿತಾಯಿಗೆ ಎಡೆಯಾಗಿ ಹೊಲದ ತುಂಬ ಚರಗ ಚೆಲ್ಲುವವರು, ಗಿಡದ ನೆರಳಲ್ಲಿ ಕುಳಿತು ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಉಣ್ಣುವವರು ಎಲ್ಲರ ಮೊಬೈಲ್‌ನಲ್ಲೂ ಇರುತ್ತಾರೆ. ಜನ ಊರಿಗೆ ಮರಳಿದ ಮೇಲೆ ಹೊಲದಲ್ಲಿ ಏನು ಉಳಿಯುತ್ತದೆ ಎಂಬುದನ್ನು ನೋಡುವುದು ನಮ್ಮ ಉದ್ದೇಶವಾಗಿತ್ತು.

ಉಳಿದಿದ್ದು ಬಹಳ. ಬನ್ನಿ ಗಿಡದ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲುಗಳು, ಅಂದರೆ ಪಾಂಡವರು. ಅವುಗಳ ಮುಂದೆ ಒಡೆದ ತೆಂಗಿನ ಚಿಪ್ಪು, ಬಾಡಿದ ಚೆಂಡು ಹೂವು, ಇರುವೆ ಹತ್ತಿದ ಕಡುಬಿನ ತುಣುಕು. ಪಕ್ಕದಲ್ಲಿ ಯಾವುದೋ ಮಗು ಮರೆತುಹೋದ ಗಾಳಿಪಟದ ಬಾಲ. ಆ ವರ್ಷ ಬರ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು. ಬಿಳಿಜೋಳ ಸೊಂಟದ ಎತ್ತರಕ್ಕೇ ನಿಂತು ತೆನೆ ಹಾಯ್ದಿತ್ತು. ಹಾಗಿದ್ದರೂ ಭೂಮಿತಾಯಿಗೆ ಎಡೆ ತಪ್ಪಿಸಿರಲಿಲ್ಲ. ನೆರೆದ ಜನರ ಚಿತ್ರಕ್ಕಿಂತ ಈ ಐದು ಕಲ್ಲುಗಳ ಚಿತ್ರದಲ್ಲಿ ಆ ವರ್ಷದ ಕಥೆ ಹೆಚ್ಚು ಸ್ಪಷ್ಟವಾಗಿದೆ ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಅವುಗಳ ಹಿಂದೆ ಆ ಗಿಡ್ಡ ಜೋಳವೂ ಬಿರುಕುಬಿಟ್ಟ ನೆಲವೂ ಒಟ್ಟಿಗೆ ಕಾಣುತ್ತವೆ.

ಎರೆಭೂಮಿಯಲ್ಲಿ ಚಿತ್ರ ತೆಗೆಯುವವರಿಗೆ ಒಂದು ಮಾತು. ಕಪ್ಪು ಮಣ್ಣು ಚೌಕಟ್ಟನ್ನು ತುಂಬಿದಾಗ ಕ್ಯಾಮೆರಾ ಅದನ್ನು ಕತ್ತಲೆ ಎಂದು ತಿಳಿದು ಬೆಳಕನ್ನು ಹೆಚ್ಚಿಸುತ್ತದೆ. ಮಣ್ಣು ಬೂದಿಯ ಬಣ್ಣಕ್ಕೆ ತಿರುಗುತ್ತದೆ, ಸುಣ್ಣದ ಕಲ್ಲುಗಳು ಬೆಳ್ಳಗೆ ಕರಗಿಯೇ ಹೋಗುತ್ತವೆ. ಎಕ್ಸ್‌ಪೋಷರ್ ಅನ್ನು ಒಂದು ಸ್ಟಾಪ್ (ಅಂದರೆ ಬೆಳಕು ಅರ್ಧವಾಗುವಷ್ಟು), ಬಿಸಿಲೇರಿದ ಮೇಲೆ ಒಂದೂವರೆ ಸ್ಟಾಪ್ ತಗ್ಗಿಸಿದರೆ ಮಣ್ಣಿನ ಕಪ್ಪು ಕಪ್ಪಾಗಿಯೇ ಉಳಿದು, ಸುಣ್ಣದ ಮೇಲಿನ ಬೆರಳಿನ ಗೆರೆಗಳೂ ಕಾಣುತ್ತವೆ. ಮೊಬೈಲ್‌ನಲ್ಲಾದರೆ ಬಿಳಿ ಕಲ್ಲಿನ ಮೇಲೆ ಬೆರಳಿಟ್ಟು ಬೆಳಕನ್ನು ಕೆಳಗೆಳೆದರೆ ಸಾಕು.

ಒಡ್ಡಿನ ಗುಂಟ ಕುಸುಬೆಯ ಸಾಲು. ಅದರ ಮುಳ್ಳಿಗೆ ಹೆದರಿ ದನ ಒಳಗೆ ನುಗ್ಗುವುದಿಲ್ಲ, ಹಾಗಾಗಿ ಜೋಳ, ಕಡಲೆಯ ಹೊಲಗಳಿಗೆ ಅದೇ ಬೇಲಿ, ಅದೇ ಎಣ್ಣೆಬೀಜ. ತೊಗರಿ ಕೊಯ್ದು ಮುಗಿದ ಹೊಲಗಳಲ್ಲಿ ಕಟ್ಟಿಗೆಯ ಹೊರೆಗಳನ್ನು ನಿಲ್ಲಿಸಿದ್ದರು. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು, ಅದು ಎಲ್ಲರಿಗೂ ಗೊತ್ತು. ಬೇಳೆ ಮಾರುಕಟ್ಟೆಗೆ ಹೋದ ಮೇಲೆ ಕಟ್ಟಿಗೆ ಏನಾಗುತ್ತದೆ ಎಂಬುದನ್ನು ರಸ್ತೆಬದಿಯ ಊರುಗಳಲ್ಲಿ ನೋಡಬೇಕು. ಒಂದು ಮನೆಯ ಹಿತ್ತಲಿಗೆ ಅದೇ ತಡಿಕೆ, ಇನ್ನೊಂದು ಮನೆಯಲ್ಲಿ ಅದೇ ಒಲೆಯ ಉರುವಲು, ಮತ್ತೊಂದರಲ್ಲಿ ಕೋಳಿಗಳಿಗೆ ಗೂಡು, ಅಂಗಳ ಗುಡಿಸುವ ಬರಲು. ಗೆಳೆಯ ಇವುಗಳ ಹೆಣಿಗೆಯನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತ ಕುಳಿತುಬಿಟ್ಟ. ನಾಲ್ಕು ಊರು, ನಾಲ್ಕು ಬಗೆಯ ಹೆಣಿಗೆ.

ಮಳಖೇಡ ತಲುಪಿದಾಗ ಬಿಸಿಲು ಏರಿತ್ತು. ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್, ಕಾಗಿಣಾ ನದಿಯ ದಂಡೆ. ಇದು ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗ 9ನೆಯ ಶತಮಾನದಲ್ಲಿ ಅರವತ್ತಕ್ಕೂ ಹೆಚ್ಚು ವರ್ಷ ಆಳಿದ ರಾಜಧಾನಿ. 972ರಲ್ಲಿ ಪರಮಾರರ ಸೀಯಕ ಇದನ್ನು ಕೊಳ್ಳೆ ಹೊಡೆದ. ಬಂದವರೆಲ್ಲ ಕೋಟೆಯ ಬಾಗಿಲಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಮಾಧ್ವ ಯತಿ ಜಯತೀರ್ಥರ ವೃಂದಾವನಕ್ಕೆ ಕೈಮುಗಿದು ಹೊರಡುತ್ತಾರೆ. ನಾವು ಊರೊಳಗಿನ ಓಣಿಗಳಲ್ಲಿ ನಡೆದೆವು.

ಒಂದು ಮನೆಯ ಮೆಟ್ಟಿಲು ಬೇರೆ ಮೆಟ್ಟಿಲುಗಳಿಗಿಂತ ದಪ್ಪವಾಗಿತ್ತು. ಅದರ ಅಂಚಿನಲ್ಲಿ ಏನೋ ಬಳುಕು ಕಂಡಿತು. ಅಂಗಳದಲ್ಲಿ ಆಯಿಯೊಬ್ಬರು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದರು.

"ಆಯಿ, ಈ ಕಲ್ಲಿನ ಫೋಟೋ ತೆಗೆದುಕೊಳ್ಳಬಹುದೇ?"

"ಕಲ್ಲಿನದೇ? ತೆಗೆದುಕೋ ಯಪ್ಪಾ. ಆದರೆ ಹೀಗೆ ಬೇಡ, ತಡೆ."

ಅವರು ಎದ್ದು ಚಪ್ಪಲಿಗಳನ್ನು ಬದಿಗೆ ಸರಿಸಿದರು, ಬರಲು ಒಳಗಿಟ್ಟರು, ಕೊಡದಲ್ಲಿದ್ದ ನೀರನ್ನು ಮೆಟ್ಟಿಲಿಗೆ ಸುರಿದು ಅಂಗೈಯಿಂದ ಉಜ್ಜಿದರು. ಚಪ್ಪಲಿ, ಬರಲು ಇರಲಿ, ಅವುಗಳ ಜೊತೆಗೇ ಚಿತ್ರ ಬೇಕು ಎಂದು ನಾನು ಹೇಳಿದ್ದು ಅವರ ಕಿವಿಗೆ ಬೀಳಲೇ ಇಲ್ಲ. ಅಷ್ಟರಲ್ಲಿ ಕಲ್ಲು ಒದ್ದೆಯಾಗಿ ಕಪ್ಪೇರಿತು. ಒಣಗಿದ್ದಾಗ ಬರೀ ಬಳುಕಾಗಿ ಕಂಡದ್ದು ಈಗ ಸಾಲಾದ ತಾವರೆ ಎಸಳು. ಯಾವುದೋ ಗುಡಿಯ ಅಧಿಷ್ಠಾನದ, ಅಂದರೆ ಬುಡದ ಜಗತಿಯ ತುಂಡು ಇರಬೇಕು, ಮಗುಚಿ ಹಾಕಿದ್ದರು. ಆಯಿ ಅದರ ಮೇಲೆ ನಾಲ್ಕು ಗೆರೆ ರಂಗೋಲಿ ಎಳೆದು, ಅರಿಸಿನ ಕುಂಕುಮ ಇಟ್ಟು, "ಈಗ ತೆಗೆ" ಎಂದರು. ನೀರು ಆರುವ ಮುನ್ನ ತೆಗೆದೆ. ತಮ್ಮ ಹೊಸ್ತಿಲು ಜಗತ್ತಿಗೆ ಹೇಗೆ ಕಾಣಬೇಕು ಎಂದು ತೀರ್ಮಾನಿಸುವ ಹಕ್ಕು ಅವರದು. ದಿನವೂ ತೊಳೆಯುವ ಆ ಕೈ ಇಲ್ಲದಿದ್ದರೆ ಆ ಎಸಳುಗಳು ನನಗೆ ಕಾಣುತ್ತಲೂ ಇರಲಿಲ್ಲ.

ರಾತ್ರಿ ಸೇಡಂ.

ಶನಿವಾರ

ಸೇಡಂ, ಚಿತ್ತಾಪುರ, ಶಹಾಬಾದ ಸುತ್ತಿನ ನೆಲದಡಿ ಸುಣ್ಣದಕಲ್ಲು ರೊಟ್ಟಿ ಒಟ್ಟಿದಂತೆ ಪದರ ಪದರವಾಗಿ ಕುಳಿತಿದೆ. ಹಾರೆ ಹಾಕಿ ಮೀಟಿದರೆ ಚಪ್ಪಟೆಯಾಗಿ ಏಳುತ್ತದೆ. ಕರ್ನಾಟಕ, ತೆಲಂಗಾಣ, ಮಹಾರಾಷ್ಟ್ರದ ಎಷ್ಟೋ ಮನೆಗಳ ನೆಲಕ್ಕೆ ಹಾಸಿದ ಪರ್ಸಿ ಇದೇ. ತವರಿನಲ್ಲಿ ಮಾತ್ರ ಅದು ನೆಲಕ್ಕಷ್ಟೇ ನಿಲ್ಲುವುದಿಲ್ಲ. ಗೋಡೆಯೂ ಅದೇ, ಮಾಳಿಗೆಯೂ ಅದೇ. ಹೊಲದ ಬೇಲಿಗೆ ಆಳೆತ್ತರದ ಹಲಗೆಗಳನ್ನು ಸಾಲಾಗಿ ನೆಟ್ಟಿರುತ್ತಾರೆ. ದನಗಳ ನೀರಿನ ತೊಟ್ಟಿಗೆ ನಾಲ್ಕು ಹಲಗೆ, ಬಚ್ಚಲಿಗೆ ಮೂರು, ಚಹಾದಂಗಡಿಯ ಮುಂದಿನ ಕಟ್ಟೆಗೆ ಎರಡು, ಗಟಾರದ ಮೇಲೆ ಒಂದು. ಪಂಚಾಯಿತಿ ಚುನಾವಣೆಯ ಗುರುತುಗಳನ್ನು ಬಳಿದು, ಅಳಿಸಿ, ಮತ್ತೆ ಬಳಿದ ಹಲಗೆಗಳೂ ಇವೆ. ಬಣ್ಣದ ಪದರಗಳಲ್ಲಿ ಊರಿನ ರಾಜಕೀಯ ಓದಬಹುದು.

ಚಿತ್ತಾಪುರದ ಕಡೆ ಹೋಗುವಾಗ ಇಂಥ ಒಂದು ಬೇಲಿಯ ಬಳಿ ಬಹಳ ಹೊತ್ತು ನಿಂತೆವು. ಹಳೆಯ ಹಲಗೆಗಳ ಅಂಚಿನಲ್ಲಿ ಉಳಿಯ ಕಚ್ಚು ಎದ್ದು ಕಾಣುತ್ತದೆ, ಒಂದು ಅಂಚು ಇನ್ನೊಂದರಂತಿಲ್ಲ. ನಡುವೆ ಮುರಿದುಬಿದ್ದ ಜಾಗಕ್ಕೆ ಹೊಸದಾಗಿ ನೆಟ್ಟ ಹಲಗೆಗಳು ಯಂತ್ರದ ಗರಗಸದಲ್ಲಿ ಕೊಯ್ದವು, ಅಂಚು ನೇರ. ಬೆಳಗಿನ ಓರೆ ಬಿಸಿಲು ಎರಡರ ಮೇಲೂ ಬಿದ್ದಾಗ ಕೈ ಕೆಲಸವೂ ಯಂತ್ರದ ಕೆಲಸವೂ ಒಂದೇ ಸಾಲಿನಲ್ಲಿ ನಿಂತಿದ್ದವು. ಹೊಲದೊಡೆಯ ಬಂದು, ಬೇಲಿಯ ಫೋಟೋ ಏಕೆ, ಜಮೀನು ಅಳೆಯಲು ಬಂದಿರಾ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಸಿಮೆಂಟಿಗೂ ಇದೇ ಸುಣ್ಣದಕಲ್ಲು ಬೇಕಾದ್ದರಿಂದ ಈ ಭಾಗದಲ್ಲಿ ಕ್ಯಾಮೆರಾ, ಟೇಪು, ಪುಸ್ತಕ ಹಿಡಿದು ಬಂದವರು ಜಮೀನಿನ ಸುದ್ದಿಯನ್ನೇ ತಂದವರಾಗಿರುತ್ತಾರೆ. ಗೆಳೆಯ ತಾನು ಬರೆದ ಚಿತ್ರ ತೋರಿಸಿದ. ಅವರ ಮುಖ ಸಡಿಲವಾಯಿತು. ಆ ಬೇಲಿಯ ಮೊದಲರ್ಧ ತಮ್ಮ ಅಪ್ಪ ನೆಟ್ಟದ್ದು ಎಂದು ತಾವೇ ಮುಂದೆ ಹೋಗಿ ತೋರಿಸಿದರು.

ಮಧ್ಯಾಹ್ನ ಭೀಮಾ ತೀರದ ಸನ್ನತಿ. ಚಂದ್ರಲಾಂಬೆಯ ದರ್ಶನಕ್ಕೆ ಬಂದವರ ಸಾಲು ಉದ್ದವಿತ್ತು. 1986ರಲ್ಲಿ ಇದೇ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಹಾಸುಗಲ್ಲು ಅಶೋಕನ ಶಾಸನ ಎಂಬುದು ಆಮೇಲೆ ತಿಳಿಯಿತು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಒಂದು ಮುಖದಲ್ಲಿ 12 ಮತ್ತು 14ನೆಯ ಬಂಡೆಗಲ್ಲು ಶಾಸನಗಳು, ಇನ್ನೊಂದರಲ್ಲಿ ಎರಡು ಪ್ರತ್ಯೇಕ ಶಾಸನಗಳು. ಮೂರ್ತಿಯನ್ನು ಕೂರಿಸಲು ಕಲ್ಲಿನ ನಡುವೆ ಚೌಕ ಕುಳಿ ಕಡಿದಿದ್ದರಿಂದ ಕೆಲವು ಅಕ್ಷರಗಳು ಹೋದವು. ಪೀಠವಾಗದಿದ್ದರೆ ಆ ಕಲ್ಲು ಯಾವ ಬಾವಿಯ ಕಟ್ಟೆಗೆ, ಯಾವ ಸುಣ್ಣದ ಭಟ್ಟಿಗೆ ಹೋಗುತ್ತಿತ್ತೋ. ಪೀಠವಾದದ್ದರಿಂದ ಶತಮಾನಗಳ ಕಾಲ ಸೂರಿನಡಿ ಉಳಿಯಿತು. ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದಾಗ ಸ್ತೂಪವೇ ಸಿಕ್ಕಿತು, ಅದರ ಒಂದು ಫಲಕದಲ್ಲಿ ರಾಜನ ಶಿಲ್ಪ, ಅದರ ಜೊತೆಗೆ 'ರಾಯೋ ಅಶೋಕೋ' ಎಂಬ ಬರಹ. ಸ್ತೂಪದ ಕಲ್ಲೂ ಇದೇ ಸೀಮೆಯ ಸುಣ್ಣದಕಲ್ಲು. ಬೆಳಗ್ಗೆ ನಾವು ನೋಡಿದ ಬೇಲಿಯ ಬಂಧುಬಳಗವೇ.

ಸನ್ನತಿಯಲ್ಲಿ ನಾನು ಹೆಚ್ಚು ಚಿತ್ರ ತೆಗೆಯಲಿಲ್ಲ. ತೆಗೆಯುವವರು ಅಲ್ಲಿ ಸಾಕಷ್ಟು ಇದ್ದರು.

ಯಾದಗಿರಿಯ ಕಡೆ ಹೊರಟಾಗ ದಾರಿಯಲ್ಲಿ ಸಿಕ್ಕ ಒಂದು ಊರು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹನುಮಪ್ಪನ ಗುಡಿಯ ಹಿಂಬದಿ ಗೋಡೆಗೆ ಒರಗಿಸಿದ ವೀರಗಲ್ಲು ಅಲ್ಲಿದೆ. ಮೂರು ಪಟ್ಟಿಕೆಗಳು: ಕೆಳಗೆ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ. ಕೆಳಗಿನ ಪಟ್ಟಿಕೆಗೆ ಎಣ್ಣೆ ಮೆತ್ತಿ ಮೆತ್ತಿ ಕಪ್ಪಾಗಿದೆ. ಕಲ್ಲು ಉತ್ತರಕ್ಕೆ ಮುಖ ಮಾಡಿತ್ತು. ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಅಂಥ ಕಲ್ಲಿನ ಮುಖಕ್ಕೆ ಇಡೀ ದಿನ ನೇರ ಬಿಸಿಲು ಬೀಳುವುದೇ ಇಲ್ಲ. ಓರೆ ಬೆಳಕಿಲ್ಲದೆ ಸವೆದ ಕೆತ್ತನೆ ಕಾಣುವುದಿಲ್ಲ. ಕೆಲವರು ಸೀಮೆಸುಣ್ಣ ತಿಕ್ಕಿ, ಎಣ್ಣೆ ಬಳಿದು ಗೆರೆಗಳನ್ನು ಎಬ್ಬಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ ಮುತ್ಯಾ ನಮ್ಮ ಪರದಾಟ ನೋಡಿ, ಏನು ಬೇಕು ತಮ್ಮಾ ಎಂದು ಕೇಳಿದರು. ಕನ್ನಡಿ ಬೇಕು ಎಂದೆ. ಮೊಮ್ಮಗನನ್ನು ಕಳುಹಿಸಿ ಮನೆಯಿಂದ ಕ್ಷೌರದ ಕನ್ನಡಿ ತರಿಸಿದರು.

ಗೆಳೆಯ ಬಿಸಿಲಿನಲ್ಲಿ ನಿಂತು ಕನ್ನಡಿಯನ್ನು ತಿರುಗಿಸಿದ. ಬೆಳಕಿನ ಪಟ್ಟಿ ಕಲ್ಲಿನ ಬಲ ಅಂಚಿನಿಂದ ಮೈಸವರಿ ಹಾಯ್ದ ಕೂಡಲೇ ಕೆಳಗಿನ ಪಟ್ಟಿಕೆಯಲ್ಲಿ ಕುದುರೆ ಎದ್ದಿತು, ಅದರ ಹಿಂದೆ ಬಿಲ್ಲು ಹಿಡಿದ ಇಬ್ಬರು, ಕಾಲ ಬಳಿ ಎರಡು ಹಸುಗಳು. ಊರಿನ ದನ ಹಿಡಿದೊಯ್ದವರ ಮೇಲೆ ಬಿದ್ದು ಸತ್ತವನ ಕಲ್ಲು. ಮುತ್ಯಾ ಎದ್ದು ಬಂದರು. ಇದನ್ನು ಅವರು ಹುಟ್ಟಿದಂದಿನಿಂದ ನೋಡುತ್ತಿದ್ದಾರೆ. ಹಸುಗಳನ್ನು ಮಾತ್ರ ಅಂದೇ ಮೊದಲು ಕಂಡದ್ದು. "ನಮ್ಮೂರಿನ ದನವೇ?" ಎಂದು ಎರಡು ಸಲ ಕೇಳಿದರು. ಆಮೇಲೆ ಮೊಮ್ಮಗನನ್ನು ಕರೆದು, ಕನ್ನಡಿ ಹಿಡಿಯುವುದು ಹೇಗೆ ಎಂದು ಗೆಳೆಯನಿಂದ ಕಲಿಸಿದರು.

ಹೆಸರು ಬರೆಯದಿರಲು ಕಾರಣವಿದೆ. ವೀರಗಲ್ಲಿನ ಬುಡದಲ್ಲಿ, ಲಿಂಗದ ಅಡಿಯಲ್ಲಿ ನಿಧಿ ಇರುತ್ತದೆಂದು ಅಗೆಯುವವರು ಇನ್ನೂ ಇದ್ದಾರೆ. ಫೋಟೋದ ಜೊತೆ ಊರು, ಗುಡಿ, ದಿಕ್ಕು ಎಲ್ಲವನ್ನೂ ಹಂಚಿದರೆ ಅವರಿಗೆ ನಾವೇ ದಾರಿ ತೋರಿಸಿದಂತೆ. ಮೊಬೈಲ್ ಚಿತ್ರದೊಳಗೆ ಸ್ಥಳದ ಗುರುತು ತಾನಾಗಿಯೇ ಅಡಗಿರುತ್ತದೆ, ಹಂಚುವ ಮೊದಲು ಅದನ್ನು ತೆಗೆಯಬೇಕು. ನಮ್ಮ ಪುಸ್ತಕದಲ್ಲಿ ಮಾತ್ರ ಕಲ್ಲಿನ ಎತ್ತರ, ಅಗಲ, ಮುಖ ಮಾಡಿದ ದಿಕ್ಕು, ಊರು, ತಾಲ್ಲೂಕು ಬರೆದುಕೊಂಡೆವು. ಅದು ಪುರಾತತ್ವ ಇಲಾಖೆಗೆ.

ಭಾನುವಾರ

ಯಾದಗಿರಿಯಲ್ಲಿ ಬೆಳಗ್ಗೆ ಸುಸಲಾ, ಮಿರ್ಚಿ ತಿಂದು ಭೀಮಾ ದಾಟಿದೆವು. ಶಹಾಪುರ ಹತ್ತಿರವಾದಂತೆ ಗೋಡೆಗಳು ಬದಲಾದವು. ಹಿಂದಿನ ದಿನವೆಲ್ಲ ಕಣ್ಣಿಗೆ ಬಿದ್ದ ಚಪ್ಪಟೆ ಹಲಗೆಗಳು ಮಾಯವಾಗಿ ಗುಂಡು ಗುಂಡಾದ, ಒರಟು ಕಣಕಲ್ಲು ಬಂತು. ಸುಣ್ಣದಕಲ್ಲಿನ ಸೀಮೆ ಮುಗಿದು ಗುಡ್ಡಗಳ ಸೀಮೆ ಶುರುವಾದದ್ದನ್ನು ನಕ್ಷೆಗಿಂತ ಮೊದಲು ದನದ ಕೊಟ್ಟಿಗೆಗಳು ಹೇಳಿದವು.

ರಸ್ತೆಯ ಎರಡೂ ಬದಿಯ ಜಾಲಿ ಗಿಡಗಳಿಗೆ ಹತ್ತಿ ಅಂಟಿಕೊಂಡಿತ್ತು. ತುಂಬಿದ ಟ್ರ್ಯಾಕ್ಟರುಗಳು ಹಾಯುವಾಗ ಮುಳ್ಳು ಕಿತ್ತುಕೊಂಡದ್ದು. ಒಂದೊಂದು ಮುಳ್ಳಿಗೆ ಒಂದೊಂದು ಎಳೆ, ಅದರೊಳಗೆ ಬೀಜವೂ ಇದೆ. ಬಿಸಿಲಿಗೆ ಎದುರಾಗಿ ನಿಂತು ತೆಗೆದರೆ ಎಳೆಗಳು ಬೆಳಗುತ್ತವೆ. ಒಬ್ಬ ಹುಡುಗಿ ಚೀಲ ಹಿಡಿದು ಅವನ್ನು ಬಿಡಿಸಿಕೊಳ್ಳುತ್ತ ನಡೆಯುತ್ತಿದ್ದಳು, ಸಂಜೆಗೆ ಅಂಗಡಿಯಲ್ಲಿ ತೂಗಿಸಿದರೆ ಖರ್ಚಿಗೆ ಆಗುತ್ತದಂತೆ. ಅವಳ ಮುಖದ ಚಿತ್ರ ತೆಗೆಯಲಿಲ್ಲ. ಗೀರು ಬಿದ್ದ ಬೆರಳು, ಚೀಲದ ಬಾಯಿ, ಅವಳು ಒಪ್ಪಿದ ಮೇಲೆ ಅಷ್ಟೇ.

ಶಹಾಪುರದಲ್ಲಿ ಎಲ್ಲರೂ ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ಕಡೆಗೆ ಕ್ಯಾಮೆರಾ ತಿರುಗಿಸುತ್ತಾರೆ. ನಾವು ಪಕ್ಕದ ವಿಭೂತಿಹಳ್ಳಿಗೆ ಹೋದೆವು. ಬಯಲಿನಲ್ಲಿ ಬಂಡೆಗಳನ್ನು ಲೆಕ್ಕ ಹಾಕಿದಂತೆ ಸಾಲು ಸಾಲಾಗಿ ಇಟ್ಟಿದ್ದಾರೆ. ಬೃಹತ್ ಶಿಲಾಯುಗದ ಜನರ ಕೆಲಸ. ಸುರಪುರದಲ್ಲಿ 1840ರ ದಶಕದಿಂದ ಬ್ರಿಟಿಷ್ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಈ ಸೀಮೆಯ ಇಂಥ ನೆಲೆಗಳ ಬಗ್ಗೆ ಬರೆದ. ಸಾಲಿನ ನೇರ ಕಾಣಬೇಕಾದರೆ ಎತ್ತರದಿಂದ ನೋಡಬೇಕು, ಡ್ರೋನ್ ಬೇಕು ಎನ್ನುವವರಿದ್ದಾರೆ. ನೆಲದ ಮೇಲೆ ಮಂಡಿಯೂರಿ ಕುಳಿತರೆ ಬೇರೆಯೇ ಒಂದು ಸಂಗತಿ ಕಾಣುತ್ತದೆ: ಬಂಡೆಗಳ ಒಂದು ಮಗ್ಗುಲು ಮೊಣಕಾಲಿನಿಂದ ಎದೆಯ ಎತ್ತರದವರೆಗೆ ನುಣ್ಣಗಾಗಿದೆ. ದನಗಳು ಮೈ ಉಜ್ಜಿ ಉಜ್ಜಿ ಆದ ನುಣುಪು. ಸಂಜೆಯ ಬೆಳಕಿಗೆ ಅದು ಮಿರುಗುತ್ತದೆ, ಸೀಳಿನಲ್ಲಿ ಕೂದಲು ಸಿಕ್ಕಿಕೊಂಡಿರುತ್ತದೆ. ಎಷ್ಟು ತಲೆಮಾರಿನ ಎತ್ತು ಎಮ್ಮೆಗಳು ಅಲ್ಲಿ ನಿಂತಿರಬೇಕು. ಈ ನುಣುಪಿನ ಒಂದು ಚಿತ್ರವಾದರೂ ಸಂಶೋಧಕರ ಪುಟಗಳಲ್ಲಿ ಬರಬೇಕು ಎಂಬುದು ನನ್ನ ಆಸೆ.

ಸುರಪುರಕ್ಕೆ ಹೋಗುವ ದಾರಿಯ ಒಂದು ಊರಿನಲ್ಲಿ ಅಲಾಯಿ ಕುಣಿ ಕಂಡಿತು. ಮಸೂತಿಯ ಮುಂದೆ ದುಂಡನೆಯ ತಗ್ಗು, ಸುತ್ತ ಕಲ್ಲಿನ ಅಂಚು. ಮೊಹರಂನಲ್ಲಿ ಬೆಂಕಿ ಹಾಕಿ ಸುತ್ತ ಹೆಜ್ಜೆ ಹಾಕುವ ಜಾಗ. ಮುಸ್ಲಿಮರ ಮನೆ ಒಂದೂ ಇಲ್ಲದ ಊರುಗಳಲ್ಲೂ ಈ ಭಾಗದಲ್ಲಿ ಪಂಜಾ, ಅಂದರೆ ಹಸ್ತದ ಆಕಾರದ ಮೊಹರಂ ದೇವರನ್ನು, ಕೂರಿಸುತ್ತಾರೆ. ಹಬ್ಬದ ರಾತ್ರಿಯ ಬೆಂಕಿಯ ಚಿತ್ರಗಳು ಬೇಕಾದಷ್ಟು ಸಿಗುತ್ತವೆ. ಉಳಿದ ಇಡೀ ವರ್ಷ ಕುಣಿ ಏನು ಮಾಡುತ್ತದೆ? ಅಂದು ಮಧ್ಯಾಹ್ನ ಅದರೊಳಗೆ ಗೋಲಿಯಾಟ ನಡೆದಿತ್ತು. ತಳದ ಮಣ್ಣು ಇನ್ನೂ ಬೂದಿಯ ಬಣ್ಣದಲ್ಲಿತ್ತು, ಗೋಲಿ ಉರುಳಿದಲ್ಲೆಲ್ಲ ಸಣ್ಣ ಗೆರೆ. ಅಂಚಿನ ಕಲ್ಲಿನ ಮೇಲೆ ಯಾರೋ ಹಪ್ಪಳ ಒಣಹಾಕಿದ್ದರು. ಗೋಲಿಯಾಡುತ್ತಿದ್ದ ಹುಡುಗರಲ್ಲಿ ಒಬ್ಬ ಬಂದು, "ಅಣ್ಣಾ, ಈಗ ಏಕೆ ತೆಗೆಯುತ್ತೀರಿ? ಹಬ್ಬಕ್ಕೆ ಬನ್ನಿ, ಆಗ ಚೆನ್ನಾಗಿರುತ್ತದೆ" ಎಂದ. ಆಗಲೂ ಬರುತ್ತೇವೆ ಎಂದು ಗೆಳೆಯ ಮಾತು ಕೊಟ್ಟ.

ಸುರಪುರದ ಬೆಟ್ಟದ ಮೇಲಿನ ಟೇಲರ್ ಮಂಜಿಲ್ ನೋಡಿ ಇಳಿದ ಮೇಲೆ ಸಂಜೆಯೆಲ್ಲ ಪೇಟೆಯ ಅಂಗಡಿಗಳ ಹಣೆಬರಹದಲ್ಲಿ ಕಳೆಯಿತು. ಕುಂಚದಿಂದ ಬರೆದ ಕನ್ನಡ, ಉರ್ದು ಫಲಕಗಳು. ಪ್ರತಿ ಅಕ್ಷರದ ಕೆಳಗೆ ಬಲಕ್ಕೆ ವಾಲಿದ ನೆರಳು, ಒತ್ತಕ್ಷರದ ಬಾಲಕ್ಕೆ ಒಂದು ಸುರುಳಿ. ಈ ಊರಿನಲ್ಲಿ ಕುಂಚಕ್ಕೆ ಹಳೆಯ ಗೌರವವಿದೆ. ಸುರಪುರದ ಕಿರುಚಿತ್ರಗಳಿಗೆ ಕಲಾಲೋಕದಲ್ಲಿ ಹೆಸರಿದೆ. ಫ್ಲೆಕ್ಸ್ ಬಂದ ಮೇಲೆ ಫಲಕ ಬರೆಯುವವರಿಗೆ ಕೆಲಸ ಕಡಿಮೆಯಾಗಿದೆ. ಹರಿದ ಫ್ಲೆಕ್ಸಿನ ಹಿಂದಿನಿಂದ ಹಳೆಯ ಬರಹ ಇಣುಕುವ ಅಂಗಡಿಗಳನ್ನು ಗೆಳೆಯ ಹುಡುಕಿ ಹುಡುಕಿ ತೋರಿಸಿದ. ಅವನ ಕಣ್ಣು ಅಕ್ಷರದ ಮೇಲೆ, ನನ್ನದು ತುಕ್ಕಿನ ಮೇಲೆ.

ಸೋಮವಾರ

ಸಂಕ್ರಾಂತಿ. ಗೆಳೆಯನಿಗೆ ಶಾಲೆ ಇರಲಿಲ್ಲ. ಶಹಾಪುರ, ಜೇವರ್ಗಿ ಹಾದು ಮರಳುವ ದಾರಿಯಲ್ಲಿ ಬೆಳಗಿನ ಮಂಜು ಬಹಳ ಹೊತ್ತು ಕರಗಲಿಲ್ಲ. ಜೇವರ್ಗಿ ತಾಲ್ಲೂಕಿನಲ್ಲಿ ಒಂದು ಕಡೆ ಡಾಂಬರಿನ ಮೇಲೆ ತೊಗರಿ ಹರವಿದ್ದರು. ರಸ್ತೆಯಲ್ಲಿ ರಾಶಿ ಮಾಡುವುದು ಬೈಕಿನವರಿಗೆ ಅಪಾಯ ಎಂದು ಬಲ್ಲೆ, ಜಾರಿ ಬಿದ್ದವರನ್ನೂ ನೋಡಿದ್ದೇನೆ. ಸುತ್ತಲೂ ಇಟ್ಟಿದ್ದ ಕಲ್ಲುಗಳ ಕಾವಲು ಸಾಲಿನ ಚಿತ್ರ ತೆಗೆದುಕೊಂಡೆ.

ಕಟ್ಟಿಸಂಗಾವಿಯ ಸೇತುವೆ ಬಂದಾಗ ಭೀಮೆಯಲ್ಲಿ ನೀರು ಕಡಿಮೆ. ಪುಣ್ಯಸ್ನಾನಕ್ಕೆ ಬಂದವರು ಮಡುಗಳನ್ನು ಹುಡುಕಿ ಇಳಿದಿದ್ದರು. ದಂಡೆಯಲ್ಲಿ ಎಳ್ಳು ಅರೆದು ಮೈಗೆ ಹಚ್ಚಿಕೊಂಡವರು ಬಿಟ್ಟುಹೋದ ಎಲೆಗಳು. ಅಲ್ಲಿ ನಾವೂ ಕಾಲು ತೊಳೆದುಕೊಂಡು, ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ ಕುಳಿತು ತೆಗೆದ ಚಿತ್ರಗಳನ್ನು ಆರಿಸತೊಡಗಿದೆವು.

ಅಲ್ಲಿ ನಮ್ಮಿಬ್ಬರಿಗೆ ಸಣ್ಣ ವಾದವಾಯಿತು. ವೀರಗಲ್ಲಿನ ಚಿತ್ರದಲ್ಲಿ ಎಡಗಡೆ ಪ್ಲಾಸ್ಟಿಕ್ ಕೊಡವೂ ಮೇಲುಗಡೆ ಗುಡಿಯ ವಿದ್ಯುತ್ ಮೀಟರೂ ಇವೆ. ಇಲಾಖೆಗೆ ಕಳುಹಿಸುವ ಪ್ರತಿಯಿಂದ ಅವನ್ನು ಕತ್ತರಿಸಿಬಿಡು, ಕೆತ್ತನೆ ದೊಡ್ಡದಾಗಿ ಕಾಣಲಿ ಎಂದ ಗೆಳೆಯ. ಎರಡು ಪ್ರತಿ ಕಳುಹಿಸುತ್ತೇನೆ ಎಂದೆ. ಕೆತ್ತನೆಯನ್ನು ಓದುವವರಿಗೆ ಕತ್ತರಿಸಿದ್ದು ಸಾಕು. ಆದರೆ ಆ ಕಲ್ಲನ್ನು ನಾಳೆ ಯಾರಾದರೂ ಸಂಗ್ರಹಾಲಯಕ್ಕೆ ಒಯ್ಯುವ ಮಾತು ಎತ್ತಿದರೆ, ಅದಕ್ಕೆ ವಾರ ವಾರ ಎಣ್ಣೆ ಹಾಕುವವರಿದ್ದಾರೆ, ಅದರ ಪಕ್ಕ ನೀರು ತುಂಬಿಡುವವರಿದ್ದಾರೆ, ಅದು ಅನಾಥವಲ್ಲ ಎಂಬುದಕ್ಕೆ ಆ ಕೊಡವೇ ಸಾಕ್ಷಿ. ಗೆಳೆಯ ಸ್ವಲ್ಪ ಯೋಚಿಸಿ, ಹಾಗಾದರೆ ಮೀಟರನ್ನೂ ಬಿಡು ಎಂದ.

ಕಲಬುರಗಿಗೆ ಬಂದ ಮೇಲೆ ಮುದ್ರಿಸಬೇಕಾದವುಗಳ ಪಟ್ಟಿ ಮಾಡಿದೆವು. ಮಳಖೇಡದ ಆಯಿಗೆ ರಂಗೋಲಿ ಎಳೆದ ಮೆಟ್ಟಿಲು. ಬೇಲಿಯ ಯಜಮಾನರಿಗೆ ಅವರ ಅಪ್ಪ ನೆಟ್ಟ ಅರ್ಧ, ಗೆಳೆಯನ ಪೆನ್ಸಿಲ್ ಚಿತ್ರದ ಜೊತೆಗೆ. ಮುತ್ಯಾನಿಗೆ ಹಸುಗಳು ಕಾಣುವ ಪಟ್ಟಿಕೆ, ದೊಡ್ಡ ಅಳತೆಯಲ್ಲಿ, ಏಕೆಂದರೆ ಅವರ ಕಣ್ಣು ಮಂಜಾಗಿದೆ. ಮೊದಲ ಮೂರನ್ನು ಬರುವ ಭಾನುವಾರ ನಾವೇ ಒಯ್ದು ಕೊಡುತ್ತೇವೆ. ಗೋಲಿಯಾಡುತ್ತಿದ್ದ ಹುಡುಗರದ್ದು ಜುಲೈವರೆಗೆ ನನ್ನ ಮೇಜಿನ ಖಾನೆಯಲ್ಲೇ ಇರುತ್ತದೆ. ಮೊಹರಂಗೆ ಹೋಗುವ ಮಾತು ಕೊಟ್ಟಾಗಿದೆ.